ಹೂಮಳೆಗೆ ವಾಸನೆ ಬಿಡದ ಮಣ್ಣು

ಬೆಳಗಿನ ಜಾವ ಬಿದ್ದ ಹೂಮಳೆ ಆಲ್ದೂರಿನ ಪೇಟೆಯನ್ನು ಚೆನ್ನಾಗಿ ತೋಯಿಸಿ, ಬಾಳೆಹೊನ್ನೂರಿನ ರಸ್ತೆಗುಂಟ ಸ್ವಲ್ಪ ದೂರ ಹೋಗಿ, ಏನೋ ಮರೆತವರ ಹಾಗೆ ನಿಂತುಬಿಟ್ಟಿತ್ತು. ಬಸ್‌ಸ್ಟ್ಯಾಂಡಿನ ಮಾಡಿನಿಂದ ಇನ್ನೂ ಹನಿ ತೊಟ್ಟಿಕ್ಕುತ್ತಿತ್ತು. ಮೇಲೆ ನೋಡಿದರೆ ಆಕಾಶ ಮಾತ್ರ ತನಗೇನೂ ಗೊತ್ತೇ ಇಲ್ಲವೆಂಬಂತೆ ನೀಲಿಯಾಗಿ ಹರಡಿಕೊಂಡಿತ್ತು. ಮಾರ್ಚ್ ತಿಂಗಳ ಈ ಮೊದಲ ಮಳೆಗಾಗಿ ಬಾಯಿ ಬಿಟ್ಟು ಕಾಯುವ ಸೀಮೆಯಲ್ಲಿ, ಅಂಥ ಬೆಳಿಗ್ಗೆ ಯಾರೂ ಯಾರಿಗೂ ನಮಸ್ಕಾರ ಹೇಳುವುದಿಲ್ಲ. ‘ನಿಮ್ಮಲ್ಲಿ ಎಷ್ಟು ಸೆಂಟು?’ ಎಂದೇ ಕೇಳುತ್ತಾರೆ. ನೂರು ಸೆಂಟಾದರೆ ಒಂದು ಇಂಚು, ಇಂಚು ಬಿದ್ದರೆ ಕಾಫಿ ಹೂವು ಗ್ಯಾರಂಟಿ. ಮಲ್ಲಂದೂರಿನಲ್ಲಿ ಎಂಬತ್ತಂತೆ, ಇಲ್ಲಿ ಅರವತ್ತಂತೆ, ಕಳಸದ ಕಡೆ ಒಂದು ಹನಿಯೂ ಇಲ್ಲವಂತೆ. ಕೊನೆಯ ಮಾತು ಕಿವಿಗೆ ಬಿದ್ದಾಗ ಜಯದೇವಪ್ಪನ ಎದೆ ಧಸಕ್ಕೆಂದಿತು. ಅವನಿಗೆ ಒಂದು ಕಾಫಿ ಗಿಡವೂ ಇರಲಿಲ್ಲ. ಆದರೂ ಇವತ್ತು ಕಳಸದ ದಾರಿಯ ಬಿಳಗಲ್ಲಿನಲ್ಲಿ ಮಳೆ ಬೀಳಬೇಕಿತ್ತು. ಅಲ್ಲಿ ಬಿದ್ದರೇ ಅರ್ಥ.

ತೊಡೆಯ ಮೇಲಿದ್ದ ತಗಡಿನ ಬಿಸ್ಕತ್ತಿನ ಡಬ್ಬವನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ. ಪಕ್ಕದಲ್ಲಿ ಕೂತಿದ್ದ ಅಡಿಕೆ ಮಂಡಿಯ ಶಾಂತವೀರಪ್ಪ ಅದನ್ನೇ ನೋಡುತ್ತಿದ್ದ.

“ಏನ್ ಜಯದೇವಪ್ಪನವ್ರೇ, ಕಬ್ಬಿಣದಂಗಡಿ ಬಿಟ್ಟು ಬಿಸ್ಕತ್ ಮಾರೋಕೆ ಹೊರಟ್ರಾ?”

“ಇಲ್ಲ ಮಾರಾಯ. ಮಣ್ಣು.”

“ಮಣ್ಣಾ! ಕಳಸದ ಗುಡ್ಡಕ್ಕೆ ಆಲ್ದೂರಿಂದ ಮಣ್ಣು ಹೊತ್ಕೊಂಡು ಹೋಗೋರು ನೀವೊಬ್ರೇ ಬಿಡಿ.”

ಸುತ್ತ ಕೂತವರು ನಕ್ಕರು. ಬೇರೆ ದಿನವಾಗಿದ್ದರೆ ಆ ನಗು ಚರ್ಮದೊಳಗೆ ಇಳಿಯುತ್ತಿತ್ತು. ಇವತ್ತು ಇಳಿಯಲಿಲ್ಲ. ಅರವತ್ತು ದಾಟಿದ ಮೇಲೆ ಇಂಥ ಸಡಗರ ಮೈಯಲ್ಲಿ ಹೊಕ್ಕರೆ ಜನ ಏನೆಂದಾರು ಎಂಬ ನಾಚಿಕೆಯೊಂದೇ ಇತ್ತು. ಬೆಳಿಗ್ಗೆ ಹೊಸ ಪಂಚೆ ಉಟ್ಟು ಹೊರಟಾಗ ಹೆಂಡತಿ ಗಿರಿಜಾಂಬಾ ಬಾಗಿಲಲ್ಲಿ ನಿಂತು, “ಹೆಣ್ಣು ನೋಡೋಕೆ ಬಂದಾಗಲೂ ನೀವು ಇಷ್ಟು ಶೃಂಗಾರ ಮಾಡ್ಕೊಂಡಿರ್ಲಿಲ್ಲ” ಎಂದಿದ್ದಳು. ಪೂಜೆಯಲ್ಲೂ ಮನಸ್ಸು ನಿಂತಿರಲಿಲ್ಲ. ಎಡಗೈಯ ಮೇಲೆ ಇಷ್ಟಲಿಂಗವಿಟ್ಟುಕೊಂಡು ದೃಷ್ಟಿ ನೆಟ್ಟರೆ, ಅಂಗೈಯಲ್ಲಿ ಲಿಂಗವಿದ್ದ ಕಡೆ ಒಂದು ಮಣ್ಣಿನ ಹೆಂಟೆ ಕೂತಂತೆ ಕಾಣುತ್ತಿತ್ತು. ತಪ್ಪಾಯಿತು ಶಿವನೇ ಎಂದು ಕಣ್ಣು ಮುಚ್ಚಿದರೆ ಮುಚ್ಚಿದ ರೆಪ್ಪೆಯೊಳಗೂ ಅದೇ ಹೆಂಟೆ, ವೀಳ್ಯದೆಲೆಯ ಮೇಲೆ, ಒಂದು ಹುಲ್ಲಿನ ಬೇರು ಇನ್ನೂ ಅಂಟಿಕೊಂಡಿರುವಂತೆ. ಎಷ್ಟೋ ವರ್ಷದ ಹಿಂದೆ ಬಿಳಗಲ್ಲಿನ ತಮ್ಮಯ್ಯ ಕೊಟ್ಟಾಗ ಹಾಗೇ ಇತ್ತು ಅದು. ಬಿಳಗಲ್ಲಿನ ಕಡೆ ಉಪಯೋಗಕ್ಕೆಂದು ಭೂಮಿ ಕೊಡುವಾಗ ಕಾಗದ ಬರೆಯುತ್ತಿರಲಿಲ್ಲ. ಕೊಡುವವನು ಆ ಜಾಗದ್ದೇ ಒಂದು ಹೆಂಟೆಯನ್ನು ಕೈಯಿಂದ ಕಿತ್ತು ಎಲೆಯ ಮೇಲಿಟ್ಟು ತಗೊಳ್ಳುವವನ ಅಂಗೈಗೆ ಇಡಬೇಕು. ಕೆಲಸ ಮುಗಿದಾಗ ತಗೊಂಡವನು ಅದೇ ಜಾಗದ ಹೆಂಟೆಯನ್ನು ಕೊಟ್ಟವರ ಅಂಗೈಗೆ ಇಡಬೇಕು. ಅಲ್ಲಿಯವರೆಗೆ ಆ ಜಾಗಕ್ಕೆ ಮನೆಯವರು ಗುದ್ದಲಿ ಹಾಕುವಂತಿಲ್ಲ, ಹಬ್ಬದ ದಿನ ಅಲ್ಲಿ ಒಂದು ಹಣತೆ ಇಡುವಂತಿಲ್ಲ. “ಜೀವ ಇರೋ ಮಣ್ಣು ಕೊಟ್ಟಿದೀನಿ ಜಯದೇವಪ್ಪನವ್ರೇ” ಎಂದು ತಮ್ಮಯ್ಯ ನಕ್ಕಿದ್ದ. ಆಗ ಘಟ್ಟದಲ್ಲಿ ರಸ್ತೆ ಅಗಲ ಮಾಡುವ ಕೆಲಸ ಜೋರಾಗಿತ್ತು. ಬಂಡೆ ಸಿಡಿಸುವ ಮದ್ದನ್ನು ಊರಿಂದ ದೂರ ಇಡಲು ಲೈಸೆನ್ಸುದಾರನಾದ ಜಯದೇವಪ್ಪನಿಗೆ ಒಂದು ಮೂಲೆ ಬೇಕಿತ್ತು. ತಮ್ಮಯ್ಯನ ಹುಲ್ಲುಗಾವಲಿನ ತುದಿಯಲ್ಲಿ ದಪ್ಪ ಗೋಡೆಯ ಮದ್ದಿನ ಮನೆ ಎದ್ದಿತು.

ಬಸ್ಸು ಬಂತು. ಕಿಟಕಿಯ ಪಕ್ಕ ಕೂತ. ತೊಯ್ದ ಕಾಫಿ ತೋಟಗಳು, ಸಿಲ್ವರ್ ಓಕ್ ಮರಗಳ ಬುಡದಲ್ಲಿ ಕಪ್ಪಾದ ತರಗೆಲೆ, ಎಲ್ಲೆಲ್ಲೂ ಒಂದು ಘಾಟು ಘಾಟು ಸುಖದ ವಾಸನೆ ಎದ್ದಿರಬೇಕು, ಏಕೆಂದರೆ ಮುಂದಿನ ಸೀಟಿನ ಹೆಂಗಸು ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಜಯದೇವಪ್ಪನಿಗೆ ಗೊತ್ತಾಗಲಿಲ್ಲ. ವರ್ಷಗಟ್ಟಲೆ ನಸ್ಯ ಏರಿಸಿ, ಮದ್ದಿನ ಮನೆಯ ತಲೆನೋವಿನ ಗಾಳಿ ಕುಡಿದು, ಅವನ ಮೂಗು ಮೊಂಡಾಗಿತ್ತು. “ಅಪ್ಪ, ಮಳೆ ಬಿದ್ದಾಗ ಬರೋ ವಾಸನೆ ಮಣ್ಣಿಂದಲ್ಲ” ಎಂದು ಮಗಳು ತನುಜಾ ಒಮ್ಮೆ ಹೇಳಿದ್ದಳು. ಅವಳು ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಸೂಕ್ಷ್ಮಜೀವಿಗಳ ಕೆಲಸ ಮಾಡುವವಳು. “ಮಣ್ಣಲ್ಲಿ ವಾಸ ಮಾಡೋ ಜೀವಿಗಳು ಬಿಡೋ ವಾಸನೆ ಅದು. ಅವು ಇಲ್ಲ ಅಂದ್ರೆ ಮಣ್ಣು ಬರೀ ಪುಡಿಗಲ್ಲು.” ಅದನ್ನು ಕೇಳಿ ಅವನಿಗೆ ಕೂತಲ್ಲೇ ಬೆವರಿತ್ತು. ಅದೇ ಮಾತನ್ನು, ಆ ಶಾಸ್ತ್ರವಿಲ್ಲದೆ, ತಮ್ಮಯ್ಯನ ಹೆಂಡತಿ ರುಕ್ಮಿಣಮ್ಮ ಅವನ ಮುಖಕ್ಕೆ ಹೇಳಿ ಎಷ್ಟೋ ವರ್ಷವಾಗಿತ್ತು.

ರಸ್ತೆ ಕೆಲಸ ನಡೆಯುತ್ತಿದ್ದ ಒಂದು ವರ್ಷ ಆರಿದ್ರಾ ಮಳೆಗೆ ಮದ್ದಿನ ಮನೆಯ ಹಿಂದಿನ ಗೋಡೆ ಕುಸಿದಿತ್ತು. ಪೆಟ್ಟಿಗೆಗಳು ಒಡೆದು, ಬೆಲ್ಲದ ಅಚ್ಚಿನಂಥ ಹಳದಿ ಬಿಲ್ಲೆಗಳು ಕೆಸರಿನಲ್ಲಿ ಚೆಲ್ಲಾಪಿಲ್ಲಿಯಾಗಿದ್ದವು. ನೆನೆದು ಹಾಳಾಗಿದೆ ಎಂದು ವರದಿ ಮಾಡಿದರೆ ಲೈಸೆನ್ಸು ಹೋಗುತ್ತಿತ್ತು. ಹಿಂದುಗಡೆ ಗುಂಡಿ ತೋಡಿಸಿ ಎಲ್ಲವನ್ನೂ ಹೂಳಿಸಿದ. ಹೂತ ಮೇಲೆ ಒಂದು ಊದುಬತ್ತಿ ಹಚ್ಚೋಣವೆಂದು ಬೆಂಕಿಪೊಟ್ಟಣ ತೆಗೆದವನು, ಅಯ್ಯೋ ಮದ್ದಿನ ಮೇಲೆ ಬೆಂಕಿಯೇ ಎಂದು ಎದೆ ಹಾರಿ, ಕೈಮುಗಿದಷ್ಟಕ್ಕೇ ಬಿಟ್ಟಿದ್ದ. ಮೊದಲು ಹುಲ್ಲು ಹೋಯಿತು. ಆಮೇಲೆ ಮಣ್ಣು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಕೆಳಗಿನ ಒರತೆಯ ನೀರು ಕೊಡದಲ್ಲಿ ತಿಳಿಯಾಗಿದ್ದದ್ದು ಬಿಸಿಲಿಗಿಟ್ಟರೆ ನಸುಗೆಂಪಾಗುತ್ತಿತ್ತು. ರುಕ್ಮಿಣಮ್ಮ ಅಲ್ಲಿಂದಾಚೆಗೆ ಹಳ್ಳಕ್ಕಿಳಿದು ನೀರು ಹೊತ್ತರು. ರಸ್ತೆ ಮುಗಿದು, ತಮ್ಮಯ್ಯನೂ ತೀರಿಹೋಗಿ, ಮದ್ದಿನ ಮನೆಯನ್ನು ಬೀಳಿಸಿದ ಮೇಲೆ ಜಯದೇವಪ್ಪ ಅಲ್ಲಿಯ ಒಂದು ಹೆಂಟೆಯನ್ನು ಎಲೆಯ ಮೇಲಿಟ್ಟುಕೊಂಡು ಅವರ ಅಂಗಳಕ್ಕೆ ಹೋಗಿದ್ದ. ಅವತ್ತೂ ಹೂಮಳೆ ಬಿದ್ದ ಬೆಳಿಗ್ಗೆಯೇ. ರುಕ್ಮಿಣಮ್ಮ ಹೆಂಟೆಯನ್ನು ದೂರದಿಂದಲೇ ಮೂಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. “ಇಡೀ ಗುಡ್ಡ ಘಮ ಘಮ ಅಂತಿದೆ. ಇದು ವಾಸನೇನೇ ಬಿಡಲ್ಲ. ಸತ್ತ ಕೂಸನ್ನ ತಂದು ತೊಟ್ಟಿಲಿಗೆ ಹಾಕಿ, ತಗೊಳ್ಳಿ ನಿಮ್ಮ ಮಗು ಅಂದ್ರೆ ಯಾರಾದ್ರೂ ತಗೋತಾರಾ ಜಯದೇವಪ್ಪನವ್ರೇ?” ದನಿ ಏರಿರಲಿಲ್ಲ. ಆಮೇಲೆ ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಆ ಕಾಫಿಯ ಲೋಟ ಇವತ್ತಿಗೂ ಬೆರಳಿಗೆ ಸುಡುತ್ತದೆ.

ಹೆಂಟೆಯನ್ನು ಹೊತ್ತು ಹಿಂದಿರುಗಿದ. ಎಲ್ಲಿ ಎಸೆಯುವುದು? ಎಲ್ಲಿ ಬಿದ್ದರೂ ಅದು ವಿಷ. ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಅಟ್ಟದ ಮೇಲಿಟ್ಟ. ದೇವರ ಕೋಣೆಯ ನೇರ ಮೇಲೆ ಬಂದಿತೆಂದು ಒಂದು ಸಲ ಜರುಗಿಸಿದ. ಮಲಗುವ ಕೋಣೆಯ ಮೇಲೆ ಬಂದಿತೆಂದು ಇನ್ನೊಂದು ಸಲ. ತನುಜಾ ಹುಡುಗಿಯಾಗಿದ್ದಾಗ ಏಣಿ ಹತ್ತಿ ಅದನ್ನು ತೆರೆದು, “ಅಪ್ಪ, ಇದ್ಯಾಕೆ ಇಷ್ಟು ಕೆಂಪು?” ಎಂದು ಕೇಳಿದ್ದಳು. ಅವನು ಮುಚ್ಚಳ ಹಾಕಿ ಅವಳನ್ನು ಕೆಳಗಿಳಿಸಿದ್ದ. ಅವಳು ಉತ್ತರ ಹುಡುಕಿಕೊಂಡು ಅಷ್ಟು ದೂರ ಓದಿದಳೋ ಏನೋ. ಕೊನೆಗೊಂದು ದಿನ ಅವನೇ ಎಲ್ಲ ಹೇಳಿಕೊಂಡಿದ್ದ.

ಬಾಳೆಹೊನ್ನೂರು ದಾಟಿ ಭದ್ರೆಯ ಸೇತುವೆ ಹಿಂದೆ ಬಿದ್ದಿತು. ರಸ್ತೆ ಒಣಗಿತ್ತು. ಬಸ್ಸಿನ ಹಿಂದೆ ಕೆಂಧೂಳು ಎದ್ದಾಗ ಜಯದೇವಪ್ಪ ಕಂಡಕ್ಟರನ ಕಡೆ ಅಪರಾಧಿಯಂತೆ ನೋಡಿದ.

“ಈ ಕಡೆ ಬಿದ್ದೇ ಇಲ್ವಾ?”

“ಎಲ್ಲಿ ಬಿದ್ದಿದೆ ಮಾರಾಯ್ರೇ. ಮೋಡ ಬಂದು ಮುಖ ತೋರಿಸಿ ಹೋಯ್ತು, ಅಳಿಯ ಬಂದಂಗೆ.”

ನಗಲಾಗಲಿಲ್ಲ. ಮಳೆಯಿಲ್ಲದಿದ್ದರೆ ರುಕ್ಮಿಣಮ್ಮ ಒಪ್ಪುವುದು ಹೇಗೆ? ಮಗಳ ಪರೀಕ್ಷೆ ಬೇರೆ, ಅವರ ಪರೀಕ್ಷೆ ಬೇರೆ. ಆದರೂ ಆ ಯೋಚನೆಯ ಕೆಳಗೇ ಸಡಗರ ನೀರಿನ ಬುಗ್ಗೆಯಂತೆ ಏಳುತ್ತಿತ್ತು, ತಡೆದರೆ ನಿಲ್ಲುವಂಥದ್ದಲ್ಲ. ಹೋದ ವಾರ ಫೋನಿನಲ್ಲಿ ತನುಜಾ, “ಅಂಚಿನದೆಲ್ಲಾ ಸರಿಹೋಗಿದೆ ಅಪ್ಪ. ಉಳಿದಿರೋದು ನಡುವಿನ ಜಾಗ ಒಂದೇ. ನೀವೂ ಬನ್ನಿ, ಎದುರಿಗೇ ನೋಡೋಣ” ಎಂದಿದ್ದಳು. ನಡುವಿನ ಜಾಗ ಎಂದರೆ ಪೆಟ್ಟಿಗೆ ಹೂತ ಜಾಗ. ಬೆಂಗಳೂರಿನಿಂದ ಬಂದ ಮದ್ದಿನ ತಜ್ಞರು ಗಟ್ಟಿ ಗಟ್ಟಿಯಾಗಿ ಉಳಿದದ್ದನ್ನೆಲ್ಲ ಬಹಳ ಹಿಂದೆಯೇ ಆಯ್ದುಕೊಂಡು ಹೋಗಿದ್ದರು. ಕರಗಿ ಮಣ್ಣಿಗಿಳಿದದ್ದು ಮಾತ್ರ ಉಳಿದಿತ್ತು. ಅದನ್ನು ತಿನ್ನುವ ಜೀವಿಗಳಿವೆ ಎಂದು ತನುಜಾ ಹೇಳಿದಾಗ ಅವನು ನಂಬಿರಲಿಲ್ಲ. ಎಲ್ಲಿಂದ ತಂದೆ ಎಂದರೆ, “ಎಲ್ಲಿಂದಲೂ ಇಲ್ಲ, ಅಲ್ಲೇ ಇದ್ವು. ಕೆಂಪು ಮಣ್ಣಿನ ಅಂಚಿಗೆ ಒಂದು ಬುಡ ಹುಲ್ಲು ಬದುಕಿತ್ತಲ್ಲ, ಅದರ ಬೇರಲ್ಲಿ” ಎಂದಿದ್ದಳು. ಅಷ್ಟು ವರ್ಷ ವಿಷದ ಪಕ್ಕದಲ್ಲಿ ವಾಸ ಮಾಡಿ ಮಾಡಿ ಅದನ್ನೇ ಮುರಿದು ತಿನ್ನಲು ಕಲಿತವು. ವಿಷ ಕುಡಿದ ಶಿವ ಅದನ್ನು ಗಂಟಲಲ್ಲೇ ಇಟ್ಟುಕೊಂಡ, ಇವು ಅರಗಿಸಿಯೇಬಿಡುತ್ತವಲ್ಲ ಎಂದು ಅವನ ಮನಸ್ಸಿಗೆ ಬಂದು, ಛೇ ಎಂಥ ಮಾತು ಎಂದು ಕೆನ್ನೆ ಕೆನ್ನೆ ಬಡಿದುಕೊಂಡಿದ್ದ.

ಅವಕ್ಕೆ ಬೇಕಾದದ್ದು ಊಟ. ಕೆಂಪು ಮಣ್ಣಿಗೆ ಕಾಫಿ ಹಣ್ಣು ಸುಲಿಯುವ ಪಲ್ಪರಿನಿಂದ ಬಂದ ಸಿಪ್ಪೆ, ಸಗಣಿ, ಒಣಹುಲ್ಲು ಕಲೆಸಿ, ಮಾಡಿನ ಕೆಳಗೆ ಗುಡ್ಡೆ ಹಾಕಿ, ಮೊದಲು ಗಾಳಿಯಾಡದಂತೆ ಮುಚ್ಚಿ, ಆಮೇಲೆ ಬಿಚ್ಚಿ ಮಗುಚುತ್ತಾ ಹೋಗಬೇಕು. ರುಕ್ಮಿಣಮ್ಮನ ಮಗ ದೇವರಾಜ ಸಿಪ್ಪೆ ಕೊಟ್ಟ, ಸಗಣಿ ಕೊಟ್ಟ, ಜತೆಗೆ ಮಾತನ್ನೂ ಕೊಟ್ಟ: “ನಮ್ಮನೇಲಿ ನೆಂಟ್ರಿಗೂ ಇಷ್ಟು ಊಟ ಹಾಕಿಲ್ಲ ತನುಜಕ್ಕ.” ಗುಡ್ಡೆ ಬಿಸಿಯಾಯಿತು. ಹಾರೆಯನ್ನು ಅದರ ಹೊಟ್ಟೆಗೆ ಚುಚ್ಚಿ ಎಳೆದರೆ ಕೈ ಸುಡುತ್ತಿತ್ತು. ಆ ಬಿಸಿಯನ್ನು ಮುಟ್ಟಿದ ಮೊದಲ ದಿನ ಜಯದೇವಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ ತನ್ನ ಅಂಗೈ ನೋಡಿಕೊಂಡೇ ಬಂದಿದ್ದ. ಹಾಗೆ ನೋಡಿಕೊಂಡವನೇ ಅದನ್ನು ಕೊಂದದ್ದು. ನೆನಪಾದಾಗಲೆಲ್ಲ ಈಗಲೂ ಬೆನ್ನು ಮುಳ್ಳಾಗುತ್ತದೆ. ಆ ಮಳೆಗಾಲದಲ್ಲಿ ಒಂದು ದಿನ ಅವನೊಬ್ಬನೇ ಬಂದಿದ್ದ. ಗುಡ್ಡೆಯ ಮೇಲೆಲ್ಲಾ ಹಿಟ್ಟು ಚೆಲ್ಲಿದಂತೆ ಬಿಳಿ ಬೂಷ್ಟು. ಅಂಗಡಿಯಲ್ಲಿ ಮೈಲುತುತ್ತ, ಸುಣ್ಣ, ಸ್ಪ್ರೇಯರು ಮಾರುವವನು. ಮಳೆಗಾಲದಲ್ಲಿ ಬೂಷ್ಟು ಕಂಡಿತೆಂದು ಬಂದವರಿಗೆಲ್ಲ ‘ತಡ ಮಾಡ್ಬೇಡಿ, ಬೋರ್ಡೋ ದ್ರಾವಣ ಹೊಡೀರಿ’ ಎಂದು ಹೇಳಿ ಹೇಳಿ ನಾಲಿಗೆ ಸವೆದವನು. ಅಯ್ಯೋ ರೋಗ ಬಂತು ಎಂದು ದೇವರಾಜನ ಸ್ಪ್ರೇಯರು ಬೆನ್ನಿಗೆ ಹಾಕಿಕೊಂಡು, ಮೈಲುತುತ್ತ ಸುಣ್ಣ ಹದವಾಗಿ ಕಲೆಸಿ, ಒಂದು ಮೂಲೆಯೂ ಬಿಡದೆ, ಕೂಸಿಗೆ ಎಣ್ಣೆ ಹಚ್ಚುವಂತೆ ಹೊಡೆದ. ಸಂಜೆ ಹೆಮ್ಮೆಯಿಂದ ಫೋನು ಮಾಡಿದ. ಏನು ಹೊಡೆದಿರಿ ಎಂದು ತನುಜಾ ಎರಡು ಸಲ ಕೇಳಿದಳು.

“ಅಪ್ಪ, ಅದು ರೋಗ ಅಲ್ಲ. ನಾವು ಕರೆಸಿದ ಕೆಲಸದವ್ರೇ ಅವ್ರು.”

ಗುಡ್ಡೆ ತಣ್ಣಗಾಯಿತು. ಒಂದೇ ಮಣ್ಣನ್ನು ಎರಡು ಸಲ ಕೊಂದವನು ಈ ಲೋಕದಲ್ಲಿ ತಾನೊಬ್ಬನೇ ಇರಬೇಕು ಎಂದು ಜಯದೇವಪ್ಪ ಅಂದುಕೊಂಡ. ತನುಜಾ ಬೈಯಲಿಲ್ಲ, ರುಕ್ಮಿಣಮ್ಮ ಬೈಯಲಿಲ್ಲ. ದೇವರಾಜ ಮಾತ್ರ ಸ್ಪ್ರೇಯರನ್ನು ಅಟ್ಟಕ್ಕೇರಿಸಿ ಏಣಿಯನ್ನೇ ತೆಗೆದಿಟ್ಟ. ಮರುವರ್ಷ ಹೊಸ ಸಿಪ್ಪೆ ಬಂದಾಗ ಮತ್ತೆ ಮೊದಲಿಂದ. ಈ ಸಲ ಗುಡ್ಡೆ ಮಳೆಗಾಲವಿಡೀ ಬಿಸಿಯಾಗಿತ್ತು. ಡಿಸೆಂಬರಿನಲ್ಲಿ ಬಿಚ್ಚಿ ಅದೇ ಜಾಗಕ್ಕೆ ಹರಡಿದರು.

ಬಿಳಗಲ್ಲಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ದೇವರಾಜ ರಸ್ತೆಯಲ್ಲೇ ಕಾಯುತ್ತಿದ್ದ, ಕೆಂಪು ಟೀಶರ್ಟು, ಬಾಯಲ್ಲಿ ಎಲೆಯಡಿಕೆ.

“ಬನ್ನಿ ಬನ್ನಿ. ಕೈ ಎರಡೂ ತೋರ್ಸಿ ನೋಡೋಣ. ಮೈಲುತುತ್ತ ಏನೂ ತಂದಿಲ್ವಲ್ಲ?”

“ಇಲ್ಲಪ್ಪ ಇಲ್ಲ” ಎಂದು ಜಯದೇವಪ್ಪ ನಿಜವಾಗಿಯೂ ಕೈ ತೋರಿಸಿದ. ತೋರಿಸಿದ ಮೇಲೆ ಅದು ತಮಾಷೆಯೆಂದು ಹೊಳೆದು ಮುಖ ಬಿಸಿಯಾಯಿತು. ಆದರೂ ಕಾಲು ನಿಲ್ಲಲಿಲ್ಲ. ಏರಿನಲ್ಲಿ ದೇವರಾಜನನ್ನೇ ಹಿಂದೆ ಹಾಕಿ ನಡೆದ.

ಖಾಲಿ ಮಾಡಿನ ಕೆಳಗೆ ತನುಜಾ ಒಂದು ಹಲಗೆಯ ಮೇಲೆ ಗಾಜಿನ ನಳಿಗೆಗಳನ್ನು ನಿಲ್ಲಿಸಿಕೊಂಡು ಕೂತಿದ್ದಳು. ಸ್ವಲ್ಪ ದೂರದಲ್ಲಿ, ಕಲ್ಲಿನ ಮೇಲೆ, ಮಡಿಲಲ್ಲಿ ಕೈ ಇಟ್ಟುಕೊಂಡು ರುಕ್ಮಿಣಮ್ಮ. “ಬನ್ನಿ, ಕೂತ್ಕೊಳ್ಳಿ” ಎಂದರು. ಅದೇ ಮರ್ಯಾದೆ. ಅದರ ಮುಂದೆ ಅವನು ಯಾವತ್ತೂ ಕೂತದ್ದಿಲ್ಲ. ಇವತ್ತೂ ನಿಂತೇ ಇದ್ದು ಡಬ್ಬದ ಮುಚ್ಚಳ ತೆಗೆದ. ಹೆಂಟೆ ಒಡೆದು ಎರಡಾಗಿತ್ತು, ಬಣ್ಣ ಮಾತ್ರ ಹಾಗೇ. ರುಕ್ಮಿಣಮ್ಮ ಅದನ್ನು ಗುರುತು ಹಿಡಿದರು. “ಇನ್ನೂ ಇಟ್ಕೊಂಡಿದೀರಾ ಅದನ್ನ!” ಎಂದರು. ಆ ದನಿಯಲ್ಲಿ ಮೊದಲ ಬಾರಿಗೆ ಒಂದು ಬಿರುಕು ಕಂಡಂತಾಗಿ ಜಯದೇವಪ್ಪ ಡಬ್ಬವನ್ನು ಮಗಳ ಕಡೆ ಚಾಚಿದ.

ತನುಜಾ ಹೆಂಟೆಯ ಒಂದು ಚೂರನ್ನು ಒಂದು ನಳಿಗೆಗೆ ಹಾಕಿದಳು. ಆ ಜಾಗದ ನಡುವಿನಿಂದ ಈಗ ತಾನೇ ಅಗೆದು ತಂದ ಕಪ್ಪು ಮಣ್ಣನ್ನು ಇನ್ನೊಂದಕ್ಕೆ. ಎರಡಕ್ಕೂ ಅಸಿಟೋನ್ ಸುರಿದು ಕುಲುಕಿದಳು. ಕೆಸರು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಬೇರೆ ನಳಿಗೆಗಳಿಗೆ ಬಸಿದಳು. “ಈಗ ಕ್ಷಾರದ ಹನಿ ಬಿಡ್ತೀನಿ. ಮದ್ದು ಇದ್ರೆ ಕೆಂಪಾಗುತ್ತೆ” ಎಂದಳು. ಮೊದಲು ಹಳೆಯ ಹೆಂಟೆಯದು. ಹನಿ ಬಿದ್ದದ್ದೇ ತಡ, ಮುರುಗಲ ಹಣ್ಣಿನ ಪಾನಕ ಕದಡಿದಂತೆ ಕೆಂಪು ನಳಿಗೆಯುದ್ದಕ್ಕೂ ಇಳಿಯಿತು. ಇಷ್ಟು ವರ್ಷ ಅಟ್ಟದ ಮೇಲೆ ಇದ್ದದ್ದು ಇದು. ಇದರ ಕೆಳಗೆ ತಾನು ಉಂಡದ್ದು, ಮಲಗಿದ್ದು, ಲಿಂಗಪೂಜೆ ಮಾಡಿದ್ದು. ಅದರ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಸನ್ನೆ ಮಾಡಿ ಮಾಡಿ ಯಾರೂ ನೋಡದೆ ಕೊನೆಗೆ ಇವತ್ತು ಮಾತಾಡಿದ ಮೂಗನಂತೆ ಕಂಡಿತು ಅದು.

ಎರಡನೆಯದಕ್ಕೆ ಹನಿ ಬಿತ್ತು. ಜಯದೇವಪ್ಪ ಬಗ್ಗಿದ. ನಳಿಗೆಯೊಳಗೆ ತೆಳು ಚಹದ ಬಣ್ಣ. ಅದರ ನಡುವೆ ಏನೋ ಅಲುಗಿತು. ಕೆಂಪು!

“ಕೆಂಪಾಯ್ತು! ಅಯ್ಯೋ ತನು, ಕೆಂಪಾಯ್ತಲ್ಲೇ!”

“ಅದು ನನ್ನ ಅಂಗಿ ಮಾರಾಯ್ರೇ” ಎಂದ ದೇವರಾಜ, ನಳಿಗೆಯ ಹಿಂದಿನಿಂದ.

ಅವನು ಪಕ್ಕಕ್ಕೆ ಸರಿದ. ನಳಿಗೆಯಲ್ಲಿ ಚಹದ ಬಣ್ಣವೇ ಉಳಿಯಿತು. ತನುಜಾ ನಳಿಗೆಯನ್ನು ಬೆಳಕಿಗೆ ಹಿಡಿದಳು, ಮತ್ತೊಂದು ಹನಿ ಬಿಟ್ಟಳು, ಕಾದಳು. “ಇಲ್ಲ ಅಪ್ಪ, ಇಲ್ಲ. ಬಂದಿಲ್ಲ” ಎಂದಳು. ಲ್ಯಾಬಿನ ದೊಡ್ಡ ಯಂತ್ರದಲ್ಲಿ ಇನ್ನೊಮ್ಮೆ ನೋಡಬೇಕು, ಒರತೆಯ ನೀರು ಕುಡಿಯಲು ಇನ್ನೂ ಕೆಲವು ಮಳೆಗಾಲ ಬೇಕು ಎಂದೆಲ್ಲ ಹೇಳುತ್ತಿದ್ದಳು. ಹೇಳುತ್ತಲೇ ನಗುತ್ತಿದ್ದಳು, ನಗುತ್ತಲೇ ಮೂಗು ಒರೆಸಿಕೊಳ್ಳುತ್ತಿದ್ದಳು. ದೇವರಾಜ ಹೋ ಎಂದು ಕೂಗು ಹಾಕಿದ. ಎದುರು ಗುಡ್ಡದಿಂದ ಯಾರೋ ಏನಾಯ್ತೋ ಎಂದು ಕೂಗಿದರು. ಜಯದೇವಪ್ಪನಿಗೆ ಓಡಬೇಕೆನಿಸಿತು. ಪಂಚೆ ಎತ್ತಿ ಕಟ್ಟಿ ಆ ಕಪ್ಪು ನೆಲದ ನಡುವಿಗೆ ಓಡಿಯೇ ಹೋದ. ಕುಕ್ಕರುಗಾಲಲ್ಲಿ ಕೂತು ಬೆರಳೂರಿದ. ಉಗುರಿನ ಹತ್ತಿರ ಏನೋ ತಣ್ಣಗೆ ಜಾರಿತು: ಒಂದು ಎರೆಹುಳು, ತನ್ನ ಮನೆಗೆ ಕೈ ಹಾಕಿದವರು ಯಾರು ಎಂಬಂತೆ ಒಮ್ಮೆ ತಲೆಯೆತ್ತಿ ಒಳಗೆ ಹೊಕ್ಕಿತು. ಕ್ಷಮಿಸಪ್ಪ ಎಂದು ಅವನು ಬಾಯಿಬಿಟ್ಟೇ ಹೇಳಿದ. ಒಂದು ಹೆಂಟೆ ಕಿತ್ತ. ಜೇಬಿನಲ್ಲಿ ಬೆಳಿಗ್ಗೆಯೇ ಇಟ್ಟುಕೊಂಡಿದ್ದ ವೀಳ್ಯದೆಲೆ ಬಾಡಿ ಅಂಚು ಸುರುಟಿತ್ತು. ಅದರ ಮೇಲಿಟ್ಟುಕೊಂಡು ಎದ್ದ.

ತಿರುಗಿ ನಿಧಾನವಾಗಿ ನಡೆದು ಬಂದ. ರುಕ್ಮಿಣಮ್ಮ ಎದ್ದು ನಿಂತಿದ್ದರು. ಕೈ ಎರಡೂ ಬೆನ್ನ ಹಿಂದೆ. ಅದೇ ನಿಲುವು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

“ಮಗಳ ನೀರು ಕೆಂಪಾಗಲಿಲ್ಲ, ನೋಡ್ದೆ. ಸಂತೋಷ” ಎಂದರು. “ಆದ್ರೆ ನಾನು ಅವತ್ತು ಹೇಳಿದ್ದು ಬೇರೆ.”

“ಹೌದಮ್ಮ. ಮಳೆ ಬಂದಿಲ್ಲ” ಎಂದ ಜಯದೇವಪ್ಪ. “ಬಂದಾಗ ಮತ್ತೆ ಬರ್ತೀನಿ.”

“ಮಳೆ ಅದರ ಮನಸ್ಸು ಬಂದಾಗ ಬರುತ್ತೆ. ಅಲ್ಲೀತನಕ ಹಿಡ್ಕೊಂಡು ನಿಂತಿರ್ತೀರಾ?” ರುಕ್ಮಿಣಮ್ಮ ಬೆನ್ನ ಹಿಂದಿನಿಂದ ಬಲಗೈ ಮುಂದೆ ತಂದರು. ಅದರಲ್ಲಿ ಒಂದು ಹಿತ್ತಾಳೆಯ ಚೊಂಬು. ಎಡಗೈ ಅದ್ದಿ, ಬೆಳಿಗ್ಗೆ ಹೊಸಿಲಿಗೆ ಚಿಮುಕಿಸುವಂತೆ, ಹೆಂಟೆಯ ಮೇಲೆ ನೀರು ಚಿಮುಕಿಸಿದರು. ಕಪ್ಪು ಮಣ್ಣು ನೀರನ್ನು ಹೀರಿಕೊಂಡು ಇನ್ನೂ ಕಪ್ಪಾಯಿತು. ಜಯದೇವಪ್ಪ ಉಸಿರೆಳೆದ. ಏನೂ ಇಲ್ಲ. ಮತ್ತೆ ಎಳೆದ. ಅವನ ಮೊಂಡು ಮೂಗಿಗೆ ಬಿಸಿಲು, ವೀಳ್ಯದೆಲೆ, ತನ್ನದೇ ಬೆವರು. ಎಲ್ಲವನ್ನೂ ಕೊಂದವನಿಗೆ ಅದು ಬದುಕಿದ್ದನ್ನು ತಿಳಿಯುವ ಭಾಗ್ಯವೂ ಇಲ್ಲವಲ್ಲ ಶಿವನೇ ಎಂದು, ಕೈಯಲ್ಲಿದ್ದುದರಿಂದ ಕಣ್ಣು ಕಿತ್ತು ಎದುರಿನ ಮುಖ ನೋಡಿದ.

ರುಕ್ಮಿಣಮ್ಮ ಬಗ್ಗಿದ್ದರು. ಕಣ್ಣು ಮುಚ್ಚಿತ್ತು. ಮೂಗಿನ ಹೊಳ್ಳೆ ಒಮ್ಮೆ ಅರಳಿತು. ಮೂಗುಬಟ್ಟಿನ ಕಲ್ಲು ಬಿಸಿಲಿಗೆ ಮಿಣುಕಿತು. ಬಗ್ಗಿದವರು ಬೇಗ ಏಳಲಿಲ್ಲ. ಹಲಗೆಯ ಮೇಲಿನ ನಳಿಗೆಯಲ್ಲಿ ಹಳೆಯ ಕೆಂಪು ಹಾಗೇ ನಿಂತಿತ್ತು.

ಅವರು ಎದ್ದು ಚೊಂಬನ್ನು ಕಲ್ಲಿನ ಮೇಲಿಟ್ಟರು. ಒದ್ದೆ ಕೈಗಳನ್ನು ಸೆರಗಿಗೆ ನಿಧಾನವಾಗಿ ಒರೆಸಿಕೊಂಡರು, ಮೊದಲು ಎಡಗೈ, ಆಮೇಲೆ ಬಲಗೈ. ಎರಡನ್ನೂ ಜೋಡಿಸಿ ಮುಂದೆ ಚಾಚಿದರು.

ಜಯದೇವಪ್ಪ ಹೆಂಟೆಯನ್ನು, ಎಲೆಯ ಸಮೇತ, ಆ ಅಂಗೈಗಳ ಮೇಲಿಟ್ಟ.